ಸಿಂಧೂರದ ಹಕ್ಕಳೆ

ಪವನ ಕಲ್ಲೆತ್ತಿದ್ದನ್ನು ಕಂಡವರು ಇಬ್ಬರೇ. ಅವನ ತಾಯಿ ಶೈಲಶ್ರೀ, ಮತ್ತು ಏಟು ತಿನ್ನಲಿದ್ದ ಹುಡುಗಿ ದುರ್ಗಾ.

ಅಬ್ಬಿಗೇರಿಯ ಹೊರಗೆ, ಎರೆಹೊಲದ ಅಂಚಿನ ಕಣದಲ್ಲಿ ಮೆಣಸಿನಕಾಯಿ ಹರವಿದ್ದರು. ಬಿಸಿಲು ನೆಲದೊಳಗಿಂದಲೇ ಹುಟ್ಟಿ ಬಂದಂತೆ ಕಣವೆಲ್ಲ ಕೆಂಪಗೆ ಉರಿಯುತ್ತಿತ್ತು. ಕೂಲಿಗೆ ಬಂದ ಗುಡ್ಡವ್ವ ಮೂಗಿಗೆ ಸೆರಗು ಕಟ್ಟಿಕೊಂಡು ಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದಳು. ಅವಳ ಮಗಳು ದುರ್ಗಾ ಮಗ್ಗುಲಲ್ಲೇ ಕೂತು ಬಣ್ಣಗೆಟ್ಟ ಬಿಳಿಗಾಯಿಗಳನ್ನು ಆರಿಸಿ ಬೇರೆ ಗುಂಪು ಮಾಡುತ್ತಿದ್ದಳು. ಪವನ ಬಂದು ಆ ಗುಂಪನ್ನು ಕಾಲಿನಿಂದ ಚೆದುರಿಸಿದ. ಅವಳು ಮತ್ತೆ ಕೂಡಿಸಿದಳು. ಅವನು ಮತ್ತೆ ಒದ್ದ. ಅವಳು ನಕ್ಕಳು. ಆದದ್ದು ಇಷ್ಟೇ. ತಾಡಪಾಲು ಹಾರದಂತೆ ಹೇರಿದ್ದ ಕಲ್ಲನ್ನು ಆರು ವರ್ಷದ ಆ ಹುಡುಗ ಎರಡೂ ಕೈಯಲ್ಲಿ ಎತ್ತಿ ಅವಳ ತಲೆಯ ಮೇಲೆ ಹಾಕಿದ.

ದುರ್ಗಾ ಮೆಣಸಿನಕಾಯಿಯ ಮೇಲೆ ಬೋರಲು ಬಿದ್ದಳು. ರಕ್ತವೂ ಕಾಯಿಯೂ ಒಂದೇ ಬಣ್ಣ. ಗಾಯ ಎಲ್ಲಿದೆಯೆಂದು ಹೆತ್ತವಳ ಕೈಗೆ ತಟ್ಟನೆ ಸಿಗಲಿಲ್ಲ.

ಶೈಲಶ್ರೀ ಓಡಿ ಬರುವಷ್ಟರಲ್ಲಿ ಅವಳ ಗಂಡ ಕೊಟ್ರೇಶ ಟ್ರ್ಯಾಕ್ಟರಿನಿಂದ ಜಿಗಿದು ಬಂದಿದ್ದ. ಕೈಗೆ ಸಿಕ್ಕ ಬಾರಕೋಲಿನಿಂದ ಮಗನ ಬೆನ್ನಿಗೆ, ತೊಡೆಗೆ, ಕಂಡಕಂಡಲ್ಲಿಗೆ ಬಾರಿಸಿದ. ಹುಡುಗ ತಪ್ಪಿಸಿಕೊಳ್ಳಲಿಲ್ಲ; ಬಾರಕೋಲನ್ನೇ ಹಿಡಿದು ಜಗ್ಗಿದ, ಅಪ್ಪನ ಮೊಣಕಾಲಿಗೆ ತಲೆಯಿಂದ ಗುದ್ದಿದ. ಕೊಟ್ರೇಶ ಅವನ ತೋಳು ಹಿಡಿದು ತಿರುವಿ ಕಣದಾಚೆ ಎಸೆದ. ಒಣ ಕಡಲೆಗಿಡ ಮುರಿದಂಥ ಸದ್ದಾಯಿತು.

"ಸಾಯಿ. ಸತ್ರ ಒಂದ ದಿನ ಅತ್ತು ಬಿಡ್ತೀವಿ" ಎಂದ ಕೊಟ್ರೇಶ, ಏದುಸಿರು ಬಿಡುತ್ತ.

ಕಣದ ಮೂಲೆಯಲ್ಲಿ ಬೇವಿನ ಮರ. ಮರದ ಕೆಳಗೆ ಮನೆತನದ ದೇವರು ಹಣಮಪ್ಪ. ಅಲ್ಲಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಕೊಟ್ರೇಶನ ತಾಯಿ ಮುದುಕವ್ವ ಅವಸರ ಮಾಡದೆ ಎದ್ದು ಬಂದಳು. ಗಂಡ ತೋಟಪ್ಪ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವಳದೇ ಮಾತು. ಸೊಂಟದ ಚೀಲದಿಂದ ಹಿತ್ತಾಳೆ ಡಬ್ಬಿ ತೆಗೆದಳು. ಕೇಸರಿ ಬಣ್ಣದ ಪುಡಿಯನ್ನು ಬೆರಳಿಗೆ ಹಚ್ಚಿ ಮೊಮ್ಮಗನ ಬಾಯಲ್ಲಿಟ್ಟಳು. ಹುಡುಗ ಚೀರುವುದನ್ನು ನಿಲ್ಲಿಸಿ ಬೆರಳು ಚೀಪಿದ.

"ನೋಡ್ರಿ, ಹ್ಯಾಂಗ ಇಳೀತು" ಎಂದಳು ಮುದುಕವ್ವ. "ಬಡದ್ರ ಇಳಿಯೂ ಸಿಟ್ಟಲ್ಲ ಇದು. ಹಣಮಪ್ಪನೇ ಇಳಸಬೇಕು."

ಗುಡ್ಡವ್ವ ಮಗಳ ತಲೆಗೆ ತನ್ನ ಸೆರಗನ್ನೇ ಒತ್ತಿ ಹಿಡಿದು ಎದ್ದು ನಿಂತಿದ್ದಳು. "ಅವ್ವಾರ, ನಿಮ್ಮ ಮೊಮ್ಮಗಂದು ಇಳೀತು. ನನ್ನ ಮಗಳದು ಇನ್ನೂ ಇಳಿಯಾಕತ್ತೈತಿ. ಜೀಪ ತಗೀರಿ ಮದಲ."

*

ಆ ಮನೆತನದ ರೂಢಿ ಅದು. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಹೊಲದ ಹಣಮಪ್ಪನಿಗೆ ಎಣ್ಣೆಯಲ್ಲಿ ಕಲಸಿದ ಸಿಂಧೂರ ಬಳಿಯುತ್ತಾರೆ. ವರ್ಷದ ಮೇಲೆ ವರ್ಷ, ತಲೆಮಾರಿನ ಮೇಲೆ ತಲೆಮಾರು, ಬಳಿದದ್ದು ದಪ್ಪವಾಗಿ, ತೂಕ ತಾಳದೆ ಬೇಸಿಗೆಯಲ್ಲಿ ಹಕ್ಕಳೆ ಹಕ್ಕಳೆಯಾಗಿ ಕಳಚಿ ಬೀಳುತ್ತದೆ. ಬಿದ್ದದ್ದನ್ನು ಯಾರೂ ತುಳಿಯಬಾರದು. ದೇವರು ಮೈಬಿಟ್ಟದ್ದು ಅದು, ಕವಚಕ್ಕೆ ಸಮ. ಮನೆಯ ಹಿರಿಯಳು ಅದನ್ನು ಸೆರಗಿನಲ್ಲಿ ಆಯ್ದು, ಅರೆದು, ಡಬ್ಬಿಯಲ್ಲಿ ತುಂಬಿಡುತ್ತಾಳೆ. ಹಲ್ಲು ಮೂಡಿದ ಕೂಸನ್ನು ಒಂದು ಶನಿವಾರ ದೇವರ ಮುಂದೆ ಮಲಗಿಸಿ ಜೇನಿನೊಂದಿಗೆ ನಾಲಿಗೆಗೆ ಮುಟ್ಟಿಸುತ್ತಾರೆ. ಅಂದಿನಿಂದ ಕೂಸು ಆತನದು.

ಹಿಂದೆ ವರ್ಷಕ್ಕೊಮ್ಮೆ ಮುಟ್ಟಿಸಿದರೆ ಮುಗಿಯುತ್ತಿತ್ತು. ಪವನ ಎರಡು ವರ್ಷದವನಿದ್ದಾಗ ಜ್ವರದಲ್ಲಿ ಕನವರಿಸಿ ಅಂಜಿಕೊಂಡ. ಅಂಜಿಕೆ ಹೋಗಲೆಂದು ಮುದುಕವ್ವ ಪ್ರತಿ ಶನಿವಾರ ತಿನ್ನಿಸತೊಡಗಿದಳು. ಅಂಜಿಕೆ ಹೋಯಿತು, ಹಟ ಬಂತು. ಹಟಕ್ಕೆ ಮಂಗಳವಾರವೂ ಸೇರಿತು. ಹಟ ಸಿಟ್ಟಾಯಿತು. ಸಿಟ್ಟಿಗೆ ದಿನವೂ ಒಂದು ಚಿಟಿಕೆ. ಸಿಟ್ಟು ಬೆಳೆದಷ್ಟೂ ಚಿಟಿಕೆ ಬೆಳೆಯಿತು. ಹಣಮಪ್ಪನ ತಂದೆಯ ಹೆಸರಿಟ್ಟುಕೊಂಡ ಕೂಸು, ಹಣಮಪ್ಪನ ಬಲವೇ ಇದರ ಮೈಯಲ್ಲಿ ಹೊಕ್ಕಿದೆ, ಹದಕ್ಕೆ ಬರುವ ತನಕ ತಾಳಬೇಕು ಎಂದು ಮುದುಕವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆ ಇರುತ್ತಿತ್ತು.

ಶೈಲಶ್ರೀಗೆ ಮಾತ್ರ ಆ ಸಿಟ್ಟು ಬಲದಂತೆ ಕಾಣುತ್ತಿರಲಿಲ್ಲ. ಹಿಂದಿನ ತಿಂಗಳು ಪವನ ನಾಯಿಮರಿಯೊಂದನ್ನು ಹಿಂಗಾಲು ಹಿಡಿದು ಗೋಡೆಗೆ ಅಪ್ಪಳಿಸಿದ್ದ. ಆಮೇಲೆ ಅದರ ಪಕ್ಕ ಕೂತು, ಬೆನ್ನು ಸವರುತ್ತ, "ಏಳು, ಏಳಲ್ಲ" ಎಂದು ಸಂಜೆಯ ತನಕ ಕರೆದಿದ್ದ. ಅದು ಸತ್ತಿದೆಯೆಂದು ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ತಾಯಿ ಅದನ್ನು ಕಸಿದುಕೊಂಡು ಹೂಳಿದಾಗ, ಹೂತ ಜಾಗವನ್ನು ಉಗುರಿನಿಂದ ಕೆದಕಿದ್ದ.

*

ರೋಣದ ಖಾಸಗಿ ದವಾಖಾನೆಯಲ್ಲಿ ಡಾಕ್ಟರ್ ಯಾಸ್ಮಿನ ಮೊದಲು ದುರ್ಗಾಳ ತಲೆ ಹೊಲಿದರು. ಹುಡುಗಿ ಹಲ್ಲು ಕಚ್ಚಿ ತಾಯಿಯ ಬೆರಳು ಹಿಡಿದಿದ್ದಳು, ಒಂದು ಸಲವೂ ಅಳಲಿಲ್ಲ. ಆಮೇಲೆ ಪವನನ ಸರದಿ. ಅವನನ್ನು ಹಿಡಿಯಲು ಕಂಪೌಂಡರ್ ಮುಜಫ್ಫರ, ಕೊಟ್ರೇಶ, ಇಬ್ಬರೂ ಬೇಕಾದರು. ಮುಜಫ್ಫರನ ಮುಂಗೈಯಲ್ಲಿ ಹಲ್ಲಿನ ಗುರುತು ಬಿದ್ದಿತು. "ಹುಲಿ ಮರಿ ಹಡದೀರಲ್ರಿ ಅಕ್ಕಾರ" ಎಂದು ಅವನು ಕೈ ಜಾಡಿಸಿಕೊಂಡು ನಕ್ಕ. ಶೈಲಶ್ರೀ ತಲೆ ಎತ್ತಲಿಲ್ಲ.

ಎಲುಬಿನ ಫೋಟೋವನ್ನು ಯಾಸ್ಮಿನ ಕಿಟಕಿಯ ಬೆಳಕಿಗೆ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು. ಕೊಟ್ರೇಶ ಫೋನಿನಲ್ಲಿ ಮಾತಾಡುತ್ತ ಹೊರಗೆ ಹೋಗಿದ್ದ.

"ಮುರದದ್ದು ಇಲ್ಲೈತಿ. ಅದು ಕೂಡತೈತಿ" ಎಂದರು. "ಇದನ್ನ ನೋಡ್ರಿ. ಎಲುಬಿನ ತುದಿಗೆ ಸುಣ್ಣಾ ಬಳದಂಗ ಬೆಳ್ಳನ ಪಟ್ಟಿ. ಇದು ಇರಬಾರದು. ಹುಡುಗ ಗ್ವಾಡಿ ಬಣ್ಣಾ ಕೆರದು ತಿಂತಾನೇನು?"

"ಇಲ್ರಿ."

"ಹೊಟ್ಟಿ ಕಡೀತೈತಿ ಅಂತ ಅಳ್ತಾನ?"

"ದಿನಾ ಅಳ್ತಾನ್ರಿ. ಹೊಟ್ಟಿ ಹಿಡಕೊಂಡು ಮುದುಡತಾನ. ಮನ್ಯಾಗ ನಾಟಕ ಅಂತಾರ."

"ಮಾತು ತಡಾ ಬಂದುವ?"

ಶೈಲಶ್ರೀ ಮಗನ ತಲೆ ಸವರಿದಳು. "ಲಗೂನ ಬಂದುವ್ರಿ. ಅಜ್ಜಿ ಹೇಳಿಕೊಟ್ಟ ಪದಾ ಎಲ್ಲಾ ಹಾಡತಿದ್ದ. ಆಮ್ಯಾಲ ಒಂದೊಂದ ಹ್ವಾದುವು."

ಯಾಸ್ಮಿನ ಹುಡುಗನ ತುಟಿ ಹಿಡಿದು ಕೆಳಗೆ ಎಳೆದರು. ಒಸಡಿನ ಅಂಚಿಗೆ ನೀಲಿ ಬಡಿದ ಗೆರೆ. ಹಲ್ಲಿನ ಸಂದಿಯಲ್ಲಿ ಕೇಸರಿ. ಅವರು ಬೆರಳಿನ ತುದಿಯಲ್ಲಿ ಅದನ್ನು ಒರೆಸಿ ನೋಡಿದರು.

"ಇದೇನು?"

"ಪ್ರಸಾದರಿ. ಹಣಮಪ್ಪಂದು."

ಯಾಸ್ಮಿನ ಬಾಗಿಲ ಕಡೆ ನೋಡಿದರು. ಮಾತನ್ನು ತೂಗಿ ಇಡುವವರಂತೆ ನಿಧಾನವಾಗಿ ಹೇಳಿದರು. "ನಾ ಹೇಳೂದನ್ನ ಬ್ಯಾರೆ ಅರ್ಥ ಮಾಡ್ಕೋಬ್ಯಾಡ್ರಿ. ದೇವರ ಮ್ಯಾಲೆ ನನ್ನ ಮಾತಿಲ್ಲ. ಈ ಪುಡಿ ಮ್ಯಾಲೆ ಐತಿ. ಅಂಗಡ್ಯಾಗ ಸಿಗೂ ಇಂಥಾ ಸಿಂಧೂರದಾಗ ಸೀಸ ಇರತೈತಿ. ಕಲ್ಲಿಗೆ ಹಚ್ಚಿದ್ರ ಕಲ್ಲಿಗೇನೂ ಆಗಂಗಿಲ್ಲ. ಕೂಸಿನ ಮೆದುಳು ಇನ್ನೂ ಹಸೀದು, ಕಟ್ಟಾಕತ್ತಿರತೈತಿ. ಅದರಾಗ ಸೀಸ ಹೊಕ್ಕರ ಸಿಟ್ಟು ತಡಿಯೂ ಶಕ್ತಿ ಹೋಗತೈತಿ, ಕಲತದ್ದು ಹೋಗತೈತಿ. ಹುಡುಗಂದು ತಪ್ಪಿಲ್ಲ ಇದು. ಇನ್ನೊಂದು ಚಿಟಿಕಿ ಬೀಳಬಾರದು."

"ನಿಲ್ಲಸಿದ್ರ ಮದಲಿನಂಗ ಆಕ್ಕಾನ?"

"ರಕ್ತದಾಗಿಂದು ಇಳೀತೈತಿ. ಹ್ವಾದದ್ದು ಎಷ್ಟು ತಿರುಗಿ ಬರತೈತಿ, ಆಣಿ ಮಾಡಿ ಹೇಳಂಗಿಲ್ಲ." ರಕ್ತ ತೆಗೆಯಲು ಸೂಜಿ ಸಿದ್ಧ ಮಾಡುತ್ತ ಕೇಳಿದರು, "ಮನ್ಯಾಗ ಮತ್ತ ಸಣ್ಣ ಹುಡುಗರು ಅದಾರ?"

ನೀಲಾ ಇದ್ದಳು. ತೊಟ್ಟಿಲಲ್ಲಿ. ಕೆಳಗಿನ ಒಸಡಿನಲ್ಲಿ ಅಕ್ಕಿಕಾಳಿನಂತೆ ಎರಡು ಹಲ್ಲು ಮೂಡಿದ್ದವು. ಅಮಾವಾಸ್ಯೆ ಕಳೆದ ಮೊದಲ ಶನಿವಾರ ಅವಳಿಗೆ ಹಣಮಪ್ಪನ ಮುಂದೆ ಮೊದಲ ಚಿಟಿಕೆ ಎಂದು ಮುದುಕವ್ವ ಆಗಲೇ ಬೀಗರಿಗೆಲ್ಲ ಹೇಳಿ ಕಳಿಸಿದ್ದಳು.

*

ಪಡಸಾಲೆಯಲ್ಲಿ ಶೈಲಶ್ರೀ ಎಲ್ಲ ಹೇಳಿ ಮುಗಿಸಿದಾಗ ಮೊದಲು ನಕ್ಕವನು ಕೊಟ್ರೇಶ.

"ಆ ಡಾಕ್ಟರ್ ಬಾಯಾರು ಹಣಮಪ್ಪನ ಪ್ರಸಾದಕ್ಕ ಅಮೃತ ಅಂತಾರೇನು ಮತ್ತ? ಅವರ ಹೆಸರು ಕೇಳಿಲ್ಲ ನೀ?"

"ಎಲುಬು ಕೂಡಸಾಕ ಹ್ವಾದಾಗ ಹೆಸರು ಕೇಳಲಿಲ್ರಿ ನೀವು."

ಅವನು ಹೊಡೆದ. ಅಂಗೈ ಕಿವಿಗೆ ಬಿತ್ತು. ಸಿಳ್ಳೆಯಂಥ ಸದ್ದು ಬಹಳ ಹೊತ್ತು ಅವಳ ಕಿವಿಯೊಳಗೆ ನಿಂತಿತು. ತೊಟ್ಟಿಲ ಕೂಸು ಎದ್ದು ಅತ್ತಿತು.

"ನಮ್ಮಜ್ಜ ತಿಂದಾನ, ನಮ್ಮಪ್ಪ ತಿಂದಾನ. ನಾನೂ ತಿಂದೀನಿ. ಏನಾಗೇತಿ ನನಗ?"

ಕಿವಿಯನ್ನು ಸೆರಗಿನಿಂದ ಒತ್ತಿಕೊಂಡು ಶೈಲಶ್ರೀ ಗಂಡನ ಮುಖ ನೋಡಿದಳು. "ಏನಾಗೇತಿ ಅಂತ ನನ್ನ ಕೇಳಾಕತ್ತೀರಲ್ಲ."

ಅವನಿಗೆ ಆ ಮಾತು ತಿಳಿಯಲು ಒಂದು ಗಳಿಗೆ ಹಿಡಿಯಿತು. ತಿಳಿದ ಮೇಲೆ ಕಂಬಕ್ಕೆ ತೂಗುಹಾಕಿದ್ದ ಲಾಟೀನನ್ನು ಕಿತ್ತು ಅವಳತ್ತ ಬೀಸಿದ. ಅದು ಗೋಡೆಗೆ ಬಡಿದು ಗಾಜು ಪಡಸಾಲೆ ತುಂಬ ಹರಡಿತು.

"ನಿಲ್ಲಪಾ" ಎಂದಳು ಮುದುಕವ್ವ. ಅವಳು ಕೂತಲ್ಲಿಂದ ಎದ್ದಿರಲಿಲ್ಲ. "ಹೆಂಗಸಿನ ಕೂಡ ಏನ ಬಡದಾಡ್ತಿ. ಇದು ವಿಷ ಅನ್ನಾಕತ್ತಾಳಲ್ಲ, ನೋಡೇ ಬಿಡೂಣು. ಶೈಲಾ, ಬಾ ಇಲ್ಲೆ. ಕಣ್ಣು ತಗದ ನೋಡು."

ಡಬ್ಬಿಯ ಮುಚ್ಚಳ ತೆಗೆದು, ಅಂಗೈಯ ಗುಳಿ ತುಂಬ ಸಿಂಧೂರ ಸುರಿದುಕೊಂಡು, ಹಣಮಪ್ಪನ ಹೆಸರು ಹೇಳಿ ಬಾಯಿಗೆ ಹಾಕಿಕೊಂಡಳು. ಮೇಲೆ ನೀರು ಕುಡಿದಳು. ಕೇಸರಿಯಾದ ಹಲ್ಲು ತೋರಿಸಿ ಸೊಸೆಗೆ ಹೇಳಿದಳು, "ನಾಳಿ ಮುಂಜಾನಿ ನಾ ಸತ್ತಿದ್ರ ನಿಮ್ಮ ಡಾಕ್ಟರು ಖರೇ. ಇದ್ದರ ನಮ್ಮ ಹಣಮಪ್ಪ ಖರೇ."

ಮರುದಿನ ಮುಂಜಾನೆ ಮುದುಕವ್ವ ಎಂದಿನಂತೆ ಎದ್ದು, ಅಂಗಳ ಉಡುಗಿ, ಕಟ್ಟೆಯ ಮೇಲೆ ಕೂತು ಚಹಾ ಕುಡಿದಳು. ಸುದ್ದಿ ಊರು ತುಂಬಿತು.

*

ವಿಷ ಎಂದರೆ ನುಂಗಿದೊಡನೆ ಕೊಲ್ಲುವುದು, ಇಲ್ಲವಾದರೆ ಅದು ವಿಷವಲ್ಲ. ಊರಿಗೆ ಗೊತ್ತಿದ್ದ ಲೆಕ್ಕ ಅದೊಂದೇ. ಬೆಳೆಗೆ ಹೊಡೆಯುವ ಎಣ್ಣೆ ಕುಡಿದವರನ್ನು ಅವರು ಕಂಡಿದ್ದರು. ಒಂದೊಂದೇ ಚಿಟಿಕೆಯಾಗಿ ಒಳಗೆ ಕೂತು, ಕೂಸಿನ ಮಾತನ್ನು, ತಾಳ್ಮೆಯನ್ನು, ನಗುವನ್ನು ಒಂದೊಂದಾಗಿ ಎತ್ತಿಕೊಂಡು ಹೋಗುವ ಕಳ್ಳನನ್ನು ಯಾರೂ ಕಂಡಿರಲಿಲ್ಲ. ಹಾಗಾಗಿ ಶೈಲಶ್ರೀಯ ಕೈಯಲ್ಲಿ ತೋರಿಸಲು ಏನೂ ಇರಲಿಲ್ಲ. ಮುದುಕವ್ವನಿಗೆ ತೋರಿಸಲು ಸಾಯದೆ ಉಳಿದ ತಾನೇ ಇದ್ದಳು.

ಅವಳು ಒಂದು ದಿನಕ್ಕೆ ನಿಲ್ಲಿಸಲಿಲ್ಲ. ಹಟ ಹಿಡಿದವಳಂತೆ ಪ್ರತಿ ಮುಂಜಾನೆ ಕಟ್ಟೆಯ ಮೇಲೆ ಕೂತು, ಹೋಗಿಬರುವವರ ಕಣ್ಣೆದುರು ಸಿಂಧೂರ ಬಾಯಿಗೆ ಹಾಕಿಕೊಂಡಳು. ನೆರೆಮನೆಯ ಗಾಳೆವ್ವ ಮೊದಲು ಚೇಷ್ಟೆ ಮಾಡಿದಳು: "ಏನಬೇ ಮುದುಕವ್ವ, ವಯಸ್ಸಿನಾಗ ಎಲಿ ಅಡಕಿ ತಿಂದಿದ್ದು ಸಾಲಲಿಲ್ಲೇನು, ಬಾಯಿ ಕೆಂಪು ಮಾಡ್ಕೊಂಡು ಯಾರ ದಾರಿ ಕಾಯಾಕತ್ತಿ?" ಆಮೇಲೆ ಅವಳೇ ಬಂದು ಕಾಲು ಮುಟ್ಟಿದಳು. ಬೆಳವಣಕಿಯಿಂದ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಬಂದರು. ಮುದುಕವ್ವ ಅವಕ್ಕೂ ಒಂದೊಂದು ಚಿಟಿಕೆ ಹಚ್ಚಿದಳು. ಶೈಲಶ್ರೀ ಬಾಗಿಲಲ್ಲಿ ನಿಂತು, "ತಿನ್ನಸಬ್ಯಾಡ್ರಿ, ಹಣಿಗೆ ಹಚ್ಚರಿ, ಸಾಕು" ಎಂದರೆ, ಅವರು ಹುಚ್ಚಿಯನ್ನು ನೋಡುವಂತೆ ನೋಡಿ ಹೋಗುತ್ತಿದ್ದರು.

ರೋಣದಿಂದ ಫೋನು ಬಂತು. "ರಕ್ತದಾಗ ಭಾಳ ಐತಿ ಶೈಲಶ್ರೀ ಅವರ" ಎಂದರು ಯಾಸ್ಮಿನ. "ಇಷ್ಟು ನಾ ಯಾರಿಗೂ ನೋಡಿಲ್ಲ. ಗದಗಕ್ಕ ಕರಕೊಂಡು ಹೋಗ್ರಿ, ಸೀಸ ತಗಿಯೂ ಔಷಧ ಹಾಕಸಬೇಕು. ಸಣ್ಣಾಕಿ ಬಾಯಿಗೆ ಹೋಗಿಲ್ಲಲ್ಲ ಇನ್ನೂ?"

"ಇಲ್ರಿ" ಎಂದಳು. ಆಗ ಅಮಾವಾಸ್ಯೆ ಹತ್ತಿರ ಬಂದಿತ್ತು.

ಗದಗಕ್ಕೆ ಬರಲು ಕೊಟ್ರೇಶ ಒಪ್ಪಲಿಲ್ಲ, ಅವಳನ್ನು ಕಳಿಸಲೂ ಇಲ್ಲ. ತವರುಮನೆ ನರಗುಂದದಲ್ಲಿತ್ತು. ಅಲ್ಲಿಗೆ ಹೋಗುತ್ತೇನೆಂದಾಗ ಮಾತ್ರ ಅವನು ಬಾಗಿಲಿಗೆ ಅಡ್ಡ ನಿಂತ. "ಹೋಗು. ಆ ಹುಚ್ಚ ಹುಡುಗನ್ನ ಕರಕೊಂಡು ಹೋಗು. ನೀಲಾ ಈ ಮನಿ ಕೂಸು, ಹೊಸ್ತಲಾ ದಾಟಂಗಿಲ್ಲ." ಒಬ್ಬನನ್ನು ಉಳಿಸಲು ಹೋದರೆ ಇನ್ನೊಬ್ಬಳು ಕೈತಪ್ಪುತ್ತಾಳೆ. ಅಣ್ಣ ಶಶಿಕಾಂತ ಫೋನಿನಲ್ಲಿ, "ತಂಗಿ, ಹಿರ್‍ಯಾರ ಕೂಡ ಹಟಾ ಮಾಡಬ್ಯಾಡ, ಒಂದ ಚಿಟಿಕಿಗೆ ಏನಾಗತೈತಿ" ಎಂದ. ಅವಳು ಫೋನು ಇಟ್ಟಳು.

ಪವನನನ್ನು ಅವಳು ಕಣ್ಣಿನಿಂದ ಆಚೆ ಬಿಡಲಿಲ್ಲ. ತನ್ನ ಸೆರಗಿಗೆ ಅವನ ನಡುವನ್ನು ಕಟ್ಟಿಕೊಂಡು ರೊಟ್ಟಿ ಬಡಿದಳು. ಅವನು ಅವಳ ಬೆನ್ನಿಗೆ ಗುದ್ದಿದ, ಜಡೆ ಜಗ್ಗಿದ. ಒಂದು ಮಧ್ಯಾಹ್ನ ಕಾದ ಹಂಚನ್ನು ಕೆಡವಿ ಅವಳ ಪಾದ ಸುಟ್ಟ. ಸುಟ್ಟದ್ದನ್ನು ಕಂಡು ಅವನೇ ಬಿಕ್ಕಿ ಬಿಕ್ಕಿ ಅತ್ತ. ಆದರೂ ಅವಳು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಅವನ ನಾಲಿಗೆ ಕೇಸರಿಯಾಗಿರುತ್ತಿತ್ತು. ಮುದುಕವ್ವ ಮರೆಮಾಚುತ್ತಲೂ ಇರಲಿಲ್ಲ. "ನಿನ್ನ ಮಗ ಆಗೂ ಮದಲ ನನ್ನ ಮೊಮ್ಮಗ ಅಂವಾ" ಎನ್ನುತ್ತಿದ್ದಳು.

ಆದರೆ ಹಾಗೆನ್ನುವಾಗ ಅವಳ ದನಿಯಲ್ಲಿ ಮುಂಚಿನ ತ್ರಾಣ ಇರಲಿಲ್ಲ. ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದಳು. ಬಚ್ಚಲಿಗೆ ಹೋದವಳು ಬಹಳ ಹೊತ್ತಿಗೆ ಗೋಡೆ ಹಿಡಿದು ಬರುತ್ತಿದ್ದಳು. "ಏನಾತ್ರಿ ಅತ್ತಿ?" ಎಂದು ಶೈಲಶ್ರೀ ಕೇಳಿದರೆ, "ನಿನಗ ಸಂತೋಷ ಆಗೂವಂಥಾದ್ದು ಏನೂ ಆಗಿಲ್ಲ" ಎಂದು ಮುಖ ತಿರುಗಿಸುತ್ತಿದ್ದಳು.

*

ಶನಿವಾರ ಬಂತು. ಮೆಣಸಿನಕಾಯಿ ಮಾರಾಟವಾಗಿ ಕಣ ಬೋಳಾಗಿತ್ತು. ಬೇವಿನ ಕೆಳಗೆ ಕಂಬಳಿ ಹಾಸಿದ್ದರು. ಹಣಮಪ್ಪನಿಗೆ ಹೊಸ ಸಿಂಧೂರ ಬಳಿದು, ಬೆಳ್ಳಿಯ ಕಣ್ಣು ಹಚ್ಚಿ, ಎಕ್ಕೆಯ ಹಾರ ಹಾಕಿದ್ದರು. ಮುದುಕವ್ವ ತಾನು ಎಳೆವಯಸ್ಸಿನಲ್ಲಿ ಕಲಿತ ಪದಗಳನ್ನು ಹೇಳುತ್ತಿದ್ದಳು. ಸಮುದ್ರ ದಾಟಿದವನ ಪದ, ಬೆಟ್ಟ ಹೊತ್ತು ತಂದವನ ಪದ, ಸತ್ತವನಂತೆ ಬಿದ್ದ ಒಡೆಯನ ತಮ್ಮನನ್ನು ಉಳಿಸಿದ ಮದ್ದಿನ ಪದ. ಶೈಲಶ್ರೀಗೂ ಅವು ಬಾಯಿಪಾಠ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯೊಡನೆ ದನಿಗೂಡಿಸುತ್ತಿದ್ದಳು. ಇಂದು ಅವಳ ತುಟಿ ಅಲ್ಲಾಡಲಿಲ್ಲ. ಮನಸ್ಸಿನಲ್ಲಿ ಮಾತ್ರ, ಮದ್ದು ತಂದವನೇ, ನಿನ್ನ ಹೆಸರಿನಲ್ಲಿ ಇದನ್ನು ಕೊಡುತ್ತಿದ್ದಾರೆ, ನೋಡುತ್ತ ನಿಂತಿದ್ದೀಯಲ್ಲ ಎಂದಳು.

ನೀಲಾಳನ್ನು ಮುದುಕವ್ವ ತೊಡೆಯ ಮೇಲೆ ಮಲಗಿಸಿಕೊಂಡಳು. ಕೂಸು ಕಾಲು ಬಡಿಯುತ್ತ ಬೇವಿನ ಎಲೆಗಳ ಬೆಳಕು ನೋಡುತ್ತಿತ್ತು. ಬೀಗರು ಮುಂದೆ ಜರುಗಿ ಕೂತರು. ಕೊಟ್ರೇಶ ಹೆಂಡತಿಯ ಪಕ್ಕದಲ್ಲೇ ನಿಂತಿದ್ದ, ಕಾವಲಿಗೆಂಬಂತೆ. ಮುದುಕವ್ವ ಜೇನಿನಲ್ಲಿ ಬೆರಳದ್ದಿ, ಸಿಂಧೂರದಲ್ಲಿ ಅದ್ದಿದಳು.

"ಅತ್ತಿ, ಬ್ಯಾಡ್ರಿ" ಎಂದಳು ಶೈಲಶ್ರೀ.

"ಬಾಯಿ ಮುಚ್ಚು" ಎಂದ ಕೊಟ್ರೇಶ.

ಶೈಲಶ್ರೀ ಬಗ್ಗಿದಳು. ನಮಸ್ಕಾರಕ್ಕೆ ಬಗ್ಗಿದಳೆಂದು ಎಲ್ಲರೂ ತಿಳಿದರು. ಬಗ್ಗಿದವಳು ಕೂಸಿನ ತುಟಿಯ ಹತ್ತಿರ ಬಂದಿದ್ದ ಅತ್ತೆಯ ಬೆರಳನ್ನು ಬಾಯಲ್ಲಿ ಹಿಡಿದಳು, ಹಿಡಿದು ಕಚ್ಚಿದಳು. ಜೇನಿನ ಸಿಹಿ, ಎಣ್ಣೆಯ ಕಮಟು, ಆಮೇಲೆ ರಕ್ತದ ಉಪ್ಪು. ಮುದುಕವ್ವ ಚೀರಿದಳು. ಕೊಟ್ರೇಶ ಹೆಂಡತಿಯ ತುರುಬು ಹಿಡಿದು ಎಳೆದ. ಅವಳು ಬಿಡಲಿಲ್ಲ. ಎಳೆದಷ್ಟೂ ಹಲ್ಲು ಒಳಗಿಳಿಯಿತು. ಕೊನೆಗೆ ಅವನು ಅವಳ ಪಕ್ಕೆಗೆ ಒದ್ದಾಗ ಉಸಿರು ಕಟ್ಟಿ ಬಾಯಿ ಸಡಿಲಾಯಿತು. ಅವಳನ್ನು ಕಣದ ನಡುವಿಗೆ ಎಳೆದೊಯ್ದು ಮತ್ತೆ ಒದ್ದ. ಬೀಗರಲ್ಲಿ ಒಬ್ಬರು, "ಸಾಕ ಬಿಡೋ" ಎಂದರು. ಆದರೆ ಕೂತಲ್ಲಿಂದ ಏಳಲಿಲ್ಲ. ಶೈಲಶ್ರೀ ಕೈಯಿಂದ ಮುಖ ಮುಚ್ಚಿಕೊಳ್ಳಲಿಲ್ಲ. ಬಾಯಲ್ಲಿದ್ದ ಕೇಸರಿಯನ್ನು ಉಗುಳಿದಳು, ಮತ್ತೆ ಉಗುಳಿದಳು.

ಆಗ ಪವನ ಬಂದ. ಎಡಗೈ ಇನ್ನೂ ಪಟ್ಟಿಯಲ್ಲಿ ತೂಗುತ್ತಿತ್ತು. ಬಲಗೈಯಲ್ಲಿ ತೆಂಗಿನಕಾಯಿ ಹಿಡಿದಿದ್ದ. ತಾಯಿಯನ್ನು ಕಾಪಾಡಲು ಬಂದನೋ, ಗದ್ದಲಕ್ಕೆ ಬಂದನೋ, ಅವನಿಗೂ ಗೊತ್ತಿರಲಾರದು. ಬಗ್ಗಿದ್ದ ಅಪ್ಪನ ಹುಬ್ಬಿಗೆ ಕಾಯಿಯಿಂದ ಹೊಡೆದ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಕೊಟ್ರೇಶ ಕುರುಡನಂತೆ ತಡವರಿಸಿ ಮಗನ ಕೊರಳಪಟ್ಟಿ ಹಿಡಿದ, ಎತ್ತಿದ, ತಲೆಯ ಮೇಲಕ್ಕೆ ಎತ್ತಿ ಹಣಮಪ್ಪನ ಕಟ್ಟೆಯತ್ತ ತಿರುಗಿದ. ಇಂದು ಇವನು ಕೂಸನ್ನು ಕಲ್ಲಿಗೆ ಬಡಿಯುತ್ತಾನೆಂದು ಕಂಡವರಿಗೆಲ್ಲ ತಿಳಿಯಿತು.

"ಇಳಸು."

ಮುದುಕವ್ವ ಹೇಳಿದಳು. ಬೆರಳಿನಿಂದ ರಕ್ತ ಸೋರುತ್ತಿತ್ತು. ಅವಳು ಅದನ್ನು ಹಿಡಿದುಕೊಂಡಿರಲಿಲ್ಲ. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಹಣೆ ನೆಲಕ್ಕೆ ತಾಗುವಷ್ಟು ಮುದುಡಿದ್ದಳು. ಗಾಳೆವ್ವ ಓಡಿಬಂದು ತೊಡೆಯಿಂದ ಜಾರುತ್ತಿದ್ದ ನೀಲಾಳನ್ನು ಎತ್ತಿಕೊಂಡಳು.

"ಇಳಸೋ ಅವನ್ನ" ಎಂದಳು ಮತ್ತೆ. ವಾಂತಿ ಬಂತು. ಒಣ ವಾಂತಿ, ಹೊಟ್ಟೆಯೊಳಗಿನದೆಲ್ಲ ಹಿಂಡಿ ಹಾಕುವಂಥದ್ದು. ಅದು ನಿಂತ ಮೇಲೆ ತಲೆ ಎತ್ತದೆ ಮಾತಾಡಿದಳು, ಯಾರಿಗೆ ಹೇಳುತ್ತಿದ್ದಾಳೆಂದು ತಿಳಿಯದ ಹಾಗೆ.

"ಭಾಳ ದಿನಾ ಆತು. ಹಸಿ ಅರಿವಿ ಹಿಂಡಿದಂಗ ಹಿಂಡತೈತಿ. ಹೊರಗ ಹೋಗೂದು ನಿಂತ ಹೋಗೇತಿ. ನಿದ್ದಿ ಇಲ್ಲ. ಯಾರರ ಎದುರಿಗೆ ಬಂದ್ರ ಹರದ ತಿನ್ನೂವಷ್ಟು ಸಿಟ್ಟು ಬರತೈತಿ. ಯಾಕ ಅಂತ ಗೊತ್ತಾಗಂಗಿಲ್ಲ. ಆತ ಪರೀಕ್ಷಾ ಮಾಡಾಕತ್ತಾನ ಅಂತ ತಡಕೊಂಡೆ. ನಿನ್ನೆ ರಾತ್ರಿ ನಾನೂ ಆ ಹುಡುಗನಂಗ ಕಾಲು ಮಡಚಿಕೊಂಡು ಬಿದ್ದಿದ್ದೆ." ಉಸಿರು ಎಳೆದುಕೊಂಡಳು. "ಅದು ಹಿಂಗ ಮುದುಡಿ ಅಳೂವಾಗ ನಾ ನಾಟಕ ಅಂದೆ. ಮ್ಯಾಲೆ ಇನ್ನೊಂದ ಬಟ್ಟು ತಿನ್ನಿಸಿದೆ. ಕಲ್ಲು ತಿಂದು ಕರಗಸೂ ಮುದುಕಿ ನಾ, ನನಗ ಹಿಂಗ. ಅದಕ್ಕ ಹ್ಯಾಂಗಾಗಿರಬೇಕು."

ಕೊಟ್ರೇಶನ ತೋಳುಗಳು ತಾವಾಗಿ ಕೆಳಗಿಳಿದವು. ಹುಡುಗನ ಕಾಲು ನೆಲಕ್ಕೆ ತಾಗಿತು.

ಮುದುಕವ್ವ ಕೂತಲ್ಲೇ ಸರಿದು ಹಣಮಪ್ಪನ ಪಾದಕ್ಕೆ ಹಣೆ ಹಚ್ಚಿದಳು. "ಯಪ್ಪಾ, ನಿಂದೇನೂ ತಪ್ಪಿಲ್ಲ. ತಿನ್ನಸಂತ ನೀ ಯಾವತ್ತೂ ಹೇಳಿರಲಿಲ್ಲ" ಎಂದಳು. ಮುಚ್ಚಳ ಹಾಕಿದ ಡಬ್ಬಿಯನ್ನು ಸೊಸೆಯತ್ತ ನೂಕಿದಳು. "ತಗೋ. ಹೊಲದಾಗ ಚೆಲ್ಲಬ್ಯಾಡ, ಕೋಳಿ ಕುಕ್ಕತಾವು. ಆ ಡಾಕ್ಟರ ಕೈಯಾಗ ಕೊಡು."

ಶೈಲಶ್ರೀ ಎದ್ದಳು. ಪಕ್ಕೆ ಹಿಡಿದುಕೊಂಡೇ ಹೋಗಿ ಗಾಳೆವ್ವನ ಕೈಯಿಂದ ನೀಲಾಳನ್ನು ತೆಗೆದುಕೊಂಡಳು. ಸೆರಗಿನ ಒಳಬದಿಯಿಂದ ಕೂಸಿನ ತುಟಿ ಒರೆಸಿ ನೋಡಿದಳು. ಬಟ್ಟೆಗೆ ಬಣ್ಣ ಹತ್ತಿರಲಿಲ್ಲ. ತುಟಿಯ ಒಳಗೂ ನೋಡಿದಳು. ಎರಡು ಹಲ್ಲು ಹೊಳೆದವು, ಏನೂ ತಾಗಿರಲಿಲ್ಲ.

"ಗಾಡಿ ತಗೀರಿ" ಎಂದಳು ಗಂಡನಿಗೆ. "ಗದಗಕ್ಕ. ಅತ್ತೀನೂ ಹತ್ತಲಿ."

ಕೊಟ್ರೇಶ ಹುಬ್ಬಿನ ರಕ್ತ ಒರೆಸಿಕೊಳ್ಳುತ್ತ ಅವಳನ್ನೇ ನೋಡಿದ. ಬೇವಿನ ಕೊಂಬೆಗೆ ತೂಗುಹಾಕಿದ್ದ ಅಂಗಿಯ ಜೇಬಿನಲ್ಲಿ ಕೀಲಿ ಹುಡುಕಲು ಹೋದ.

ಅಷ್ಟರಲ್ಲಿ ಪವನ ಅಜ್ಜಿಯ ಮುಂದೆ ಹೋಗಿ ನಿಂತಿದ್ದ. ಶನಿವಾರವಲ್ಲವೇ. ಪೂಜೆ ಮುಗಿಯಿತೆಂದು ತಿಳಿದು, ಕಣ್ಣು ಮುಚ್ಚಿ, ನಾಲಿಗೆ ಚಾಚಿ ಕಾಯುತ್ತಿದ್ದ. ಗಲ್ಲದ ಮೇಲೆ ಅಪ್ಪನ ರಕ್ತದ ಹನಿ ಒಣಗಿತ್ತು.

"ಇಲ್ಲೋ ಯಪ್ಪಾ" ಎಂದಳು ಮುದುಕವ್ವ. "ಇಲ್ಲ ಇನ್ನ."

ಅವನು ಇನ್ನೂ ಸ್ವಲ್ಪ ಹೊತ್ತು ಕಾಯ್ದ. ನಾಲಿಗೆ ಒಣಗತೊಡಗಿದಾಗ ಕಣ್ಣು ತೆರೆದ. ಅಜ್ಜಿಯ ಬರಿಗೈ ನೋಡಿದ. ಮುಷ್ಟಿ ಕಟ್ಟಿ ಅವಳ ಮುಖಕ್ಕೆ ಗುದ್ದಿದ. ಮುದುಕವ್ವ ಹಿಂದೆ ಸರಿಯಲಿಲ್ಲ, ಕೈ ಅಡ್ಡ ಹಿಡಿಯಲಿಲ್ಲ. ಅವನನ್ನು ಎಳೆದು ನೋಯುತ್ತಿದ್ದ ತನ್ನ ಹೊಟ್ಟೆಗೆ ಒತ್ತಿಕೊಂಡಳು. ಅವನ ಬಲಗೈ ಅವಳ ಕಿವಿಗೆ, ಕೆನ್ನೆಗೆ, ಬಾಯಿಗೆ ಬೀಳುತ್ತಲೇ ಇತ್ತು.

"ಬಿಡಸೂಣೇನ್ರಿ?" ಎಂದಳು ಗಾಳೆವ್ವ.

"ಬ್ಯಾಡ" ಎಂದಳು ಶೈಲಶ್ರೀ. ಜೀಪು ಕೆಮ್ಮಿ ಚಾಲೂ ಆಯಿತು.